ಕೂಸಿನ ಲಸಿಕೆಯ ದಿನವೇ ತಾಯಿಯ ಸಕ್ಕರೆ ಪರೀಕ್ಷೆ ಆಗಲಿ

ಮಾನ್ಯರೆ,

ಗರ್ಭಿಣಿಯರಿಗೆ ಮೊದಲ ತಪಾಸಣೆಯಲ್ಲೊಮ್ಮೆ, 24ರಿಂದ 28 ವಾರಗಳ ನಡುವೆ ಮತ್ತೊಮ್ಮೆ ಗ್ಲೂಕೋಸ್ ಕುಡಿಸಿ ಸಕ್ಕರೆ ನೋಡುತ್ತಾರೆ. ಎರಡು ಗಂಟೆಯ ನಂತರ 140 (ಡೆಸಿಲೀಟರ್ ರಕ್ತಕ್ಕೆ ಮಿಲಿಗ್ರಾಂ ಲೆಕ್ಕ) ಅಥವಾ ಹೆಚ್ಚು ಬಂದರೆ ತಾಯಿ ಕಾರ್ಡಿನಲ್ಲಿ ಬರೆದು ಪಥ್ಯ, ಔಷಧ ಶುರು ಮಾಡುತ್ತಾರೆ. ಅದೇ ತಾಯಿಗೆ ಹೆರಿಗೆಯಾಗಿ ಆರು ವಾರಕ್ಕೆ ಆಗಬೇಕಾದ ಪರೀಕ್ಷೆ ಮಾತ್ರ ಎಷ್ಟೋ ಕಡೆ ತಪ್ಪಿಹೋಗುತ್ತಿದೆ.

ಮಾಸು ಬಿದ್ದ ಮೇಲೆ ಇನ್ಸುಲಿನ್‌ಗೆ ಅಡ್ಡಿ ಮಾಡುತ್ತಿದ್ದ ಹಾರ್ಮೋನುಗಳು ಇಳಿಯುವುದರಿಂದ ಹೆಚ್ಚಿನವರ ಸಕ್ಕರೆ ಬೇಗ ಸರಿಹೋಗುತ್ತದೆ. ‘ನಾರ್ಮಲ್’ ಎಂದು ಕೇಳಿಸಿಕೊಂಡ ಬಾಣಂತಿ ತವರಿಗೆ ಹೋಗುತ್ತಾಳೆ. ಆಕೆಯ ಲೆಕ್ಕವಿಟ್ಟ ಆಶಾ ಕಾರ್ಯಕರ್ತೆ ಗಂಡನ ಊರಿನಲ್ಲೇ ಉಳಿಯುತ್ತಾರೆ. ಆದರೆ ಮಗುವಿಗೆ ಒಂದೂವರೆ ತಿಂಗಳಿಗೆ ಪೆಂಟಾವಲೆಂಟ್ ಲಸಿಕೆಯ ಮೊದಲ ಡೋಸ್ ಹಾಕಿಸಲು ಎಲ್ಲಿದ್ದರೂ ಬರುತ್ತಾಳಲ್ಲ, ಪರೀಕ್ಷೆಯೂ ಅಂದೇ ಮುಗಿಯಲಿ.

ಪರೀಕ್ಷೆಗೆ ಮುಂಚೆ ಎಂಟು ಗಂಟೆ ಕಾಲ ಏನೂ ತಿಂದಿರಬಾರದು. ನೀರು ಕುಡಿಯಬಹುದು, ಮಗುವಿಗೆ ಹಾಲೂಡಿಸಬಹುದು. (ಬೆಳಗಿನ ಕಷಾಯಕ್ಕೆ ಬೆಲ್ಲ ಬಿದ್ದಿದ್ದರೆ ಅದು ಉಪವಾಸವಲ್ಲ.) ಖಾಲಿ ಹೊಟ್ಟೆಯ ರಕ್ತ ತೆಗೆದ ಮೇಲೆ 75 ಗ್ರಾಂ ಗ್ಲೂಕೋಸನ್ನು 300 ಮಿ.ಲೀ. ನೀರಿನಲ್ಲಿ ಕರಗಿಸಿ, ಐದರಿಂದ ಹತ್ತು ನಿಮಿಷದೊಳಗೆ ಕುಡಿಸಬೇಕು. ಎರಡು ಗಂಟೆಯ ಲೆಕ್ಕ ಕುಡಿಯಲು ಶುರು ಮಾಡಿದ ಹೊತ್ತಿನಿಂದ. 100 ಗ್ರಾಂ ಪೊಟ್ಟಣದಿಂದ ಚಮಚದಲ್ಲಿ ಅಂದಾಜು ಹಾಕುವುದು ಬೇಡ, ತೂಗಬೇಕು. ಮಾನೋಹೈಡ್ರೇಟ್ (ನೀರಿನಂಶ ಸೇರಿರುವ) ಪುಡಿಯಾದರೆ 82.5 ಗ್ರಾಂ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ದಿನವೇ ಸರಿ. ರಕ್ತನಾಳದಿಂದ ತೆಗೆದು ಲ್ಯಾಬಿನಲ್ಲಿ ನೋಡುವುದು ಒಳ್ಳೆಯದು. ಗ್ಲುಕೋಮೀಟರ್ ಬಳಸುವುದಾದರೆ, ಲೋಟ ಹಿಡಿದ ಬೆರಳಿಗೆ ಮೆತ್ತಿದ ಗ್ಲೂಕೋಸೇ ಅಂಕಿಯನ್ನು ಏರಿಸಿಬಿಡುತ್ತದೆ. ಸ್ಪಿರಿಟ್ ಹತ್ತಿ ಸವರಿದರೆ ಸಾಲದು, ಸೋಪು ಹಾಕಿ ಕೈ ತೊಳೆದು ಒಣಗಿಸಿದ ಮೇಲೆ ಚುಚ್ಚಬೇಕು.

ಖಾಲಿ ಹೊಟ್ಟೆಯಲ್ಲಿ 126 ಇಲ್ಲವೇ ಎರಡು ಗಂಟೆಗೆ 200 ಮುಟ್ಟಿದರೆ ಮಧುಮೇಹ. ಎರಡು ಗಂಟೆಗೆ 140ರಿಂದ 199 ಬಂದವರು ಮಧುಮೇಹದ ಹೊಸ್ತಿಲಲ್ಲಿದ್ದಾರೆ. ಖಾಲಿ ಹೊಟ್ಟೆಯದ್ದನ್ನಷ್ಟೇ ನೋಡಿ ಕಳಿಸಿದರೆ ಇಂಥವರಲ್ಲಿ ಅನೇಕರು ಕೈತಪ್ಪುತ್ತಾರೆ. ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಸಾಕಲ್ಲವೇ ಎನ್ನುವವರುಂಟು. ಹೆರಿಗೆಯಲ್ಲಿ ರಕ್ತ ಹೋಗಿರುವ, ರಕ್ತಹೀನತೆಯಿರುವ ಬಾಣಂತಿಯಲ್ಲಿ ಆ ಅಂಕಿಯನ್ನು ನಂಬುವಂತಿಲ್ಲ. ಎಲ್ಲವೂ ಸರಿಯಿದ್ದವರೂ ವರ್ಷಕ್ಕೊಮ್ಮೆ ನೋಡಿಸಿಕೊಳ್ಳಬೇಕು.

ಲಸಿಕೆಯ ಗುರುವಾರ ಇಂಥ ತಾಯಂದಿರನ್ನು ಉಪಕೇಂದ್ರದ ಬದಲು ಲ್ಯಾಬ್ ಇರುವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ ಬೆಳಿಗ್ಗೆ ಬೇಗ ಕರೆಸಬೇಕು. ಡಿಸ್ಚಾರ್ಜ್ ಮಾಡುವಾಗಲೇ ಕಾರ್ಡಿನ ಲಸಿಕೆ ಪುಟದಲ್ಲಿ, ಆರು ವಾರದ ಸಾಲಿನ ಪಕ್ಕ ‘ತಾಯಿಗೆ ಸಕ್ಕರೆ ಪರೀಕ್ಷೆ, ಖಾಲಿ ಹೊಟ್ಟೆ’ ಎಂದು ಕೆಂಪು ಶಾಯಿಯಲ್ಲಿ ಬರೆಯಲಿ. ಇದಕ್ಕೆ ಹೊಸ ಸುತ್ತೋಲೆಗೆ ಕಾಯಬೇಕಿಲ್ಲ.

–ಪ್ರಯೋಗಾಲಯ ತಂತ್ರಜ್ಞ, ಚಿತ್ರದುರ್ಗ