ಎಡಗೈ ಮುಂದೆ ಮಾಡಿದ ಅಜ್ಜಿಗೆ

ಮೊನ್ನೆ ಬಿ.ಎಸ್ಸಿ. ನರ್ಸಿಂಗ್ ಕೊನೆಯ ಸೆಮಿಸ್ಟರಿನ ರಿಸಲ್ಟ್ ಬಂತು. ಪಾಸಾಗಿದ್ದೇನೆ. ಅವ್ವನಿಗೆ ಫೋನ್ ಮಾಡಿ ಇಟ್ಟ ಮೇಲೆ ಮೊದಲು ನೆನಪಾದವರು ಒಬ್ಬ ಅಜ್ಜಿ.

ಜಿಲ್ಲಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಪೋಸ್ಟಿಂಗ್ ಇತ್ತು. ಕಾಲೇಜಿನ ಲ್ಯಾಬಿನಲ್ಲಿ ರಬ್ಬರ್ ಕೈಗೆ ಎಷ್ಟೋ ಸಲ ಕ್ಯಾನುಲಾ, ಅಂದರೆ ಡ್ರಿಪ್ ಕೊಡಲು ನರದೊಳಗೆ ಕೂರಿಸುವ ಸಣ್ಣ ಕೊಳವೆ, ಹಾಕಿದ್ದೆ. ಮನುಷ್ಯರ ಕೈಗೆ ಅದೇ ಮೊದಲು. ಅಜ್ಜಿಯ ನರ ನೂಲಿನಷ್ಟು ಸಣ್ಣ, ಮುಟ್ಟಿದರೆ ಜಾರುತ್ತಿತ್ತು. ನೀಲಿ ಕ್ಯಾನುಲಾ, ಅಂದರೆ 22 ನಂಬರಿನದು, ಚುಚ್ಚಿದೆ. ರಕ್ತವೇನೋ ಕಾಣಿಸಿತು. ಡ್ರಿಪ್ ಬಿಟ್ಟ ಕೂಡಲೇ ಕೈ ಊದಿತು. ನನಗೆ ಅಳುವೇ ಬಂತು. ಆಗ ಅಜ್ಜಿ ತಾವಾಗಿಯೇ ಎಡಗೈ ಮುಂದೆ ಮಾಡಿದರು. ‘ಅಳಬ್ಯಾಡ ಮಗಳ, ಇದರಾಗ ನೋಡು’ ಅಂದರು.

ಪಕ್ಕದಲ್ಲಿದ್ದ ಸಿಸ್ಟರ್ ಬೈಯಲಿಲ್ಲ. ಅಜ್ಜಿಯ ಕೈಯನ್ನು ಮಂಚದಿಂದ ಕೆಳಗೆ ಇಳಿಬಿಡಿಸಿದರು. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸುತ್ತಿ, ಸ್ವಲ್ಪ ಹೊತ್ತು ಸುಮ್ನೆ ಕಾಯಿಸಿದರು. ಆಮೇಲೆ ಇನ್ನೂ ಸಪೂರವಾದ, ಹಳದಿ ಬಣ್ಣದ 24 ನಂಬರಿನದು ಕೊಟ್ಟು, ‘ಹೆಬ್ಬೆರಳಲ್ಲಿ ಚರ್ಮ ಎಳೆದು ಹಿಡಿ, ನರ ಓಡಲ್ಲ’ ಅಂದರು. ಓಡಲಿಲ್ಲ. ಇವತ್ತಿಗೂ ವಯಸ್ಸಾದವರ ಕೈ ಹಿಡಿದರೆ ನನ್ನ ಹೆಬ್ಬೆರಳು ತಾನಾಗಿ ಅಲ್ಲಿಗೇ ಹೋಗುತ್ತದೆ.

ಹೆರಿಗೆ ವಾರ್ಡಿನ ರಾತ್ರಿ ಡ್ಯೂಟಿ ಸಿಸ್ಟರ್‌ಗೂ ನಾನು ಋಣಿ. ಬಿಪಿ ಏರಿ ಫಿಟ್ಸ್ ಬಂದಿದ್ದ ಬಾಣಂತಿಗೆ ಫಿಟ್ಸ್ ತಡೆಯುವ ಔಷಧಿ ಮ್ಯಾಗ್ನೀಷಿಯಂ ಸಲ್ಫೇಟ್ ಕೊಡುತ್ತಿದ್ದರು. ಪ್ರತಿ ಡೋಸಿಗೂ ಮೊದಲು ಮೊಣಕಾಲು ತಟ್ಟಿ ಕಾಲು ಎಗರುತ್ತದಾ ನೋಡಬೇಕು, ಉಸಿರು ಎಣಿಸಬೇಕು, ಮೂತ್ರ ಎಷ್ಟಾಗಿದೆ ಅಳೆಯಬೇಕು. ಔಷಧಿ ಮೈಯಲ್ಲಿ ಜಾಸ್ತಿಯಾದರೆ ಉಸಿರೇ ನಿಲ್ಲಬಹುದು. ಇದನ್ನು ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಆದರೆ ರಾತ್ರಿ ಮೂರು ಗಂಟೆಗೆ ಆ ಸಿಸ್ಟರ್ ನನ್ನ ಕೈಗೆ ಹ್ಯಾಮರ್ ಕೊಟ್ಟು, ‘ನೀನೇ ನೋಡಿ ಹೇಳು, ಆಮೇಲೆ ಕೊಡೋಣ’ ಅಂದಾಗಲೇ ಅದು ತಲೆಗೆ ಹತ್ತಿದ್ದು.

ಬೆನ್ನಿಗೆ ಹುಣ್ಣಾಗದ ಹಾಗೆ ರೋಗಿಯನ್ನು ಮಗ್ಗುಲು ಬದಲಿಸುವುದು ಕಲಿಸಿದ ಆಯಾ ಅಕ್ಕ, ಮನೆಮನೆಗೆ ಕರೆದುಕೊಂಡು ಹೋದ ಆಶಾ ಅಕ್ಕಂದಿರು, ನೈಟ್ ಮುಗಿಸಿ ಬಂದಾಗ ತಿಂಡಿ ಎತ್ತಿಟ್ಟಿರುತ್ತಿದ್ದ ಹಾಸ್ಟೆಲ್ ಗೆಳತಿಯರು, ಎಲ್ಲರಿಗೂ ಮನಸಾರೆ ಧನ್ಯವಾದ.

ಅಜ್ಜಿ ಡಿಸ್ಚಾರ್ಜ್ ಆದ ದಿನ ನನಗೆ ರಜೆ ಇತ್ತು. ಮಾತಾಡಿಸಲು ಆಗಲಿಲ್ಲ. ಅವರ ಮನೆಯವರು ಯಾರಾದರೂ ಇದನ್ನು ಓದಿದರೆ, ಅವತ್ತು ಅತ್ತ ಹುಡುಗಿ ನರ್ಸ್ ಆದಳು ಅಂತ ದಯವಿಟ್ಟು ಅವರಿಗೆ ಹೇಳಿ.