ತಡೆದದ್ದನ್ನೂ ಬರೆದಿಡಿ ಕಾಕಾ

ಒಟ್ಟಾವಾ, ಕೆನಡಾ
8 ಜನವರಿ 2025

ಕಾಕಾ, ಕಾಕಿ, ಇಬ್ಬರಿಗೂ ನಮಸ್ಕಾರ.

ಎಳ್ಳಮಾವಾಸ್ಯೆ ದಿನ ಹೊಲದಿಂದ ನೀವು ವಿಡಿಯೋ ಕಾಲ್ ಮಾಡಿದಾಗ ಇಲ್ಲಿ ರಾತ್ರಿ ಒಂದೂವರೆ ಆಗಿತ್ತು. ನಿದ್ದೆಗಣ್ಣಲ್ಲಿ ಸರಿಯಾಗಿ ಮಾತಾಡೋಕೆ ಆಗಲಿಲ್ಲ. ಆದರೆ ಫೋನ್ ಇಟ್ಟ ಮೇಲೆ ನಿದ್ದೆಯೂ ಬರಲಿಲ್ಲ. ತೊಗರಿ ಹೊಲ, ಹಾಸಿದ ಕಂಬಳಿ, ಕಾಕಿ ಬಡಿಸುತ್ತಿದ್ದ ಭಜ್ಜಿ ಪಲ್ಯ, ಸಜ್ಜೆ ರೊಟ್ಟಿ, ಎಲ್ಲಾ ಕಣ್ಣ ಮುಂದೆಯೇ ಇತ್ತು.

ನೀವು ಎರಡು ಮಾತು ಹೇಳಿದಿರಿ. ಒಂದು, "ಆ ಐಸ್ ಮ್ಯಾಲಿನ ಹಾಕಿ ನೋಡಲಿಕ್ಕ ಹೋಗಿದ್ದಿ ಅಂತಲ್ಲ, ಹೆಂಗ ಆಡ್ತಾರ, ಬರದು ಕಳಸು." ಇನ್ನೊಂದು, ನಿಮ್ಮ ಟೀಮಿನ ಒಂಬತ್ತನೇ ಕ್ಲಾಸಿನ ಗೋಲ್‌ಕೀಪರ್ ಹುಡುಗಿ ಜಿಲ್ಲಾ ಮಟ್ಟದ ಪಂದ್ಯದಲ್ಲಿ ಒಂದು ಗೋಲು ಬಿಟ್ಟಳು, ಅವತ್ತಿನಿಂದ ಪ್ರಾಕ್ಟೀಸಿಗೇ ಬರುತ್ತಿಲ್ಲ ಅಂತ. ಎರಡಕ್ಕೂ ಇದೇ ಉತ್ತರ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತಾಗಿ ಓದಿ.

ನಾನು ನೋಡಲು ಹೋಗಿದ್ದು 20 ವರ್ಷದೊಳಗಿನ ಹುಡುಗರ ಐಸ್ ಹಾಕಿ ವಿಶ್ವ ಚಾಂಪಿಯನ್‌ಶಿಪ್. 1977ರಿಂದ ಅಧಿಕೃತವಾಗಿ ನಡೆಯುತ್ತಿದೆ. ಪ್ರತಿ ವರ್ಷ ಕ್ರಿಸ್‌ಮಸ್ ಮಾರನೇ ದಿನ ಶುರುವಾಗಿ ಜನವರಿ 5ರ ಹೊತ್ತಿಗೆ ಮುಗಿಯುತ್ತದೆ. ಹತ್ತು ದೇಶ, ಐದೈದರ ಎರಡು ಗುಂಪು. ಕೆನಡಾದವರು 20 ಸಲ ಚಿನ್ನ ಗೆದ್ದಿದ್ದಾರೆ, ಅಷ್ಟು ಬೇರೆ ಯಾರೂ ಗೆದ್ದಿಲ್ಲ. ನಮ್ಮಲ್ಲಿ ಕ್ರಿಕೆಟ್ ಹೇಗೋ ಇಲ್ಲಿ ಇದು ಹಾಗೆ. ಹಬ್ಬದ ರಜೆಯಲ್ಲಿ ಇಡೀ ಮನೆ ಟಿವಿ ಮುಂದೆ ಕೂತಿರುತ್ತದೆ. ಹಿಂದೆ 2009ರಲ್ಲಿ ಇದೇ ಒಟ್ಟಾವಾದಲ್ಲಿ ನಡೆದಾಗ ಇವರೇ ಗೆದ್ದಿದ್ದರಂತೆ, ಹಾಗಾಗಿ ಈ ಸಲವೂ ಊರಿಗೆ ಊರೇ ಕಾಯುತ್ತಿತ್ತು.

ಈಗ ಆಟ. ಕೀಪರ್ ಸೇರಿ ಒಂದು ಕಡೆ ಆರೇ ಜನ. 20 ನಿಮಿಷದ ಮೂರು ಪಾಳಿ. ಆಟ ನಿಂತರೆ ಗಡಿಯಾರವೂ ನಿಲ್ಲುತ್ತದೆ. ಸುತ್ತಲೂ ಗೋಡೆ ಇರುವುದರಿಂದ ನಮ್ಮ ಹಾಗೆ ಚೆಂಡು ಹೊರಗೆ ಹೋಗಿ ನಿಲ್ಲುವುದು ಕಡಿಮೆ. ಗೋಲಿನ ಹಿಂದೆಯೂ ಜಾಗ ಇದೆ, ಅಲ್ಲಿಂದಲೂ ಆಡುತ್ತಾರೆ. ಮುಕ್ಕಾಲು ನಿಮಿಷ ಆಡುವಷ್ಟರಲ್ಲಿ ಹುಡುಗರು ಸುಸ್ತಾಗಿ ಬೆಂಚಿಗೆ ಹಾರುತ್ತಾರೆ, ಆಟ ನಡೆಯುತ್ತಿರುವಾಗಲೇ ಬೇರೆಯವರು ಇಳಿಯುತ್ತಾರೆ. ಮೈಗೆ ಮೈ ಹೊಡೆಯುವುದೂ ಆಟದಲ್ಲೇ ಸೇರಿದೆ. ಗಾಜಿನ ಗೋಡೆಗೆ ಇಬ್ಬರು ಬಂದು ಬಡಿದರೆ ನಮ್ಮ ಕಾಲ ಕೆಳಗಿನ ಹಲಗೆಯೇ ನಡುಗಿದ ಹಾಗಾಗುತ್ತದೆ.

ಪಾಳಿ ಮುಗಿದಾಗಲೆಲ್ಲ ಒಂದು ಗಾಡಿ ಬಂದು ಸ್ಕೇಟಿನಿಂದ ಗೀರಾದ ಮಂಜುಗಡ್ಡೆಯನ್ನು ಕೆರೆದು, ಮೇಲೆ ಬಿಸಿನೀರು ಸುರಿಯುತ್ತದೆ. ಬಿಸಿನೀರು ಯಾಕೆ ಅಂತ ನೀವು ಕೇಳೇ ಕೇಳುತ್ತೀರಿ ಅಂತ ನಾನೂ ಪಕ್ಕದವರನ್ನು ಕೇಳಿದೆ. ಹಳೆಯ ಪದರ ಸ್ವಲ್ಪ ಕರಗಿ, ಹೊಸ ನೀರಿನ ಜೊತೆ ಒಂದಾಗಿ ಹೆಪ್ಪುಗಟ್ಟುತ್ತದೆ. ನಮ್ಮ ಶಹಾಬಾದ್ ಫರ್ಸಿಗೆ ಪಾಲಿಶ್ ಹೊಡೆದು ತೊಳೆದಾಗ ಹೊಳೆಯುತ್ತದಲ್ಲ, ಥೇಟ್ ಹಾಗೆ ಹೊಳೆಯುತ್ತದೆ.

ನಾನು ಹೋಗಿದ್ದು ಡಿಸೆಂಬರ್ 27ರ ರಾತ್ರಿ, ಕೆನಡಾ ಮತ್ತು ಲಾಟ್ವಿಯಾ ಪಂದ್ಯಕ್ಕೆ. ಆಫೀಸಿನ ಗೆಳತಿ ಮನೆಯವರ ಹತ್ತಿರ ಒಂದು ಟಿಕೆಟ್ ಉಳಿದಿತ್ತು. ಊರಾಚೆ ಇರುವ ದೊಡ್ಡ ಕ್ರೀಡಾಂಗಣ, ಎಲ್ಲಿ ನೋಡಿದರೂ ಕೆಂಪು ಅಂಗಿ. ಲಾಟ್ವಿಯಾ ಎಷ್ಟು ಸಣ್ಣ ದೇಶ ಅಂದರೆ ಅಲ್ಲಿನ ಜನಸಂಖ್ಯೆ 19 ಲಕ್ಷವೂ ಇಲ್ಲ. ನಮ್ಮ ಕಲಬುರಗಿ ಜಿಲ್ಲೆ ಒಂದರಲ್ಲೇ 2011ರ ಜನಗಣತಿಯಲ್ಲಿ 25 ಲಕ್ಷ ದಾಟಿತ್ತು. ಗೆಳತಿಯ ಅಪ್ಪ "ಇವತ್ತು ಸುಲಭ" ಅಂತ ಮೊದಲೇ ಹೇಳಿಬಿಟ್ಟಿದ್ದರು.

ಆದರೆ ಆ ಕಡೆ ಗೋಲಿನಲ್ಲಿ ಲಿನಾರ್ಡ್ಸ್ ಫೆಲ್ಡ್‌ಬೆರ್ಗ್ಸ್ ಅಂತ ಒಬ್ಬ ಹುಡುಗ ನಿಂತಿದ್ದ. ಅವನಿಗೆ 19 ವರ್ಷ.

ನಮ್ಮ ಹಾಕಿ ಗೋಲು 12 ಅಡಿ ಅಗಲ, 7 ಅಡಿ ಎತ್ತರ ಅಲ್ವಾ? ಇದು 6 ಅಡಿ ಅಗಲ, 4 ಅಡಿ ಎತ್ತರ ಅಷ್ಟೇ. ಚಿಕ್ಕದು, ತಡೆಯುವುದು ಸುಲಭ ಅಂದುಕೊಂಡರೆ ತಪ್ಪು. ಎದುರಿಗೆ ತನ್ನವರು, ಬೇರೆಯವರು ಎಲ್ಲರೂ ಗುಂಪಾಗಿ ನಿಂತಿರುತ್ತಾರೆ, ಪಕ್, ಅಂದರೆ ಚೆಂಡಿನ ಬದಲು ಇಲ್ಲಿ ಹೊಡೆಯುವ ರಬ್ಬರ್ ಬಿಲ್ಲೆ, ಎಲ್ಲಿಂದ ಬರುತ್ತದೆ ಅಂತಲೇ ಕಾಣುವುದಿಲ್ಲ. ಕೀಪರ್ ಎರಡೂ ಮೊಣಕಾಲು ಒಳಗೆ ಮಡಚಿ ದಪ್ ಅಂತ ನೆಲಕ್ಕೆ ಕೂರುತ್ತಾನೆ, ಕಾಲಿನ ಪ್ಯಾಡುಗಳು ಎರಡೂ ಕಡೆ ಗೋಡೆಯ ಹಾಗೆ ಹರಡಿಕೊಳ್ಳುತ್ತವೆ. ಮರುಕ್ಷಣ ಎದ್ದು ನಿಲ್ಲಬೇಕು. ಮತ್ತೆ ಕೂರಬೇಕು. ಅಷ್ಟು ಭಾರದ ಸಾಮಾನು ಮೈಮೇಲೆ ಹೊತ್ತು, ಸ್ಕೇಟಿನ ಮೇಲೆ! ನೀವು ನಮಗೆ ಬಿಸಿಲಲ್ಲಿ ಬೈಠಕ್ ಹೊಡೆಸುತ್ತಿದ್ದಿರಿ, ಆಗ ತೊಡೆ ಹೇಗೆ ಉರಿಯುತ್ತಿತ್ತು ಅಂತ ನನಗೆ ಇನ್ನೂ ನೆನಪಿದೆ. ಅದಕ್ಕೇ ನಾನು ಪಕ್ ನೋಡುವುದು ಬಿಟ್ಟು ಅವನನ್ನೇ ನೋಡುತ್ತಾ ಕೂತೆ.

ಕೆನಡಾ ಹೊಡೆಯುತ್ತಲೇ ಇತ್ತು. ಅವನು ತಡೆಯುತ್ತಲೇ ಇದ್ದ. ಪೂರ್ತಿ ಆಟ ಮುಗಿದಾಗ 2-2. ಹೆಚ್ಚುವರಿ ಆಟದಲ್ಲೂ ಗೋಲು ಬರಲಿಲ್ಲ. ಆಮೇಲೆ ಶೂಟೌಟ್, ಅಂದರೆ ಒಬ್ಬನೇ ಆಟಗಾರ ನಡುಗೆರೆಯಿಂದ ಪಕ್ ತಂದು ಕೀಪರ್ ಒಬ್ಬನನ್ನೇ ಎದುರಿಸುವುದು. ಕೆನಡಾದ ಎಂಟು ಹುಡುಗರು ಒಬ್ಬರಾದ ಮೇಲೆ ಒಬ್ಬರು ಬಂದರು. ಎಂಟೂ ತಡೆದ ಕಾಕಾ! ಎಂಟನೇ ಸುತ್ತಿನಲ್ಲಿ ಲಾಟ್ವಿಯಾದವರು ಒಂದು ಹೊಡೆದರು, ಗೆದ್ದರು.

ಈ ಟೂರ್ನಿಯಲ್ಲಿ ಒಂದು ಪದ್ಧತಿ ಇದೆ. ಆಟ ಮುಗಿದ ಮೇಲೆ ಎರಡೂ ತಂಡ ನೀಲಿ ಗೆರೆ ಮೇಲೆ ಸಾಲಾಗಿ ನಿಲ್ಲಬೇಕು, ಗೆದ್ದವರ ರಾಷ್ಟ್ರಗೀತೆ ಹಾಕುತ್ತಾರೆ. ಅಷ್ಟು ದೊಡ್ಡ ಕ್ರೀಡಾಂಗಣದಲ್ಲಿ ಕೆಂಪು ಅಂಗಿಯವರ ನಡುವೆ ನಿಂತು ಲಾಟ್ವಿಯಾದ ಹಾಡು ಕೇಳಿದೆ. ಒಂದು ಪದ ಅರ್ಥ ಆಗಲಿಲ್ಲ, ಆದರೂ ಗಂಟಲು ಕಟ್ಟಿತು.

ನಾನು ನಿಜವಾಗಿ ಹೇಳಬೇಕು ಅಂದುಕೊಂಡದ್ದು ಇದು. ಮಾರನೇ ದಿನ ಎಲ್ಲ ಕಡೆ ಒಂದೇ ಅಂಕಿ: 55. ಅವನು ಬಿಟ್ಟ ಎರಡು ಗೋಲು ಅಲ್ಲ, ಆಟದಲ್ಲಿ ತಡೆದ 55 ಹೊಡೆತ. ಇಲ್ಲಿ ಅದನ್ನು ಲೆಕ್ಕ ಇಡುತ್ತಾರೆ. ಗೋಲಿನ ಕಡೆ ಬಂದ ಪ್ರತಿ ಹೊಡೆತವೂ ಬೋರ್ಡ್ ಮೇಲೆ ಏರುತ್ತಾ ಹೋಗುತ್ತದೆ. ನಾನು ನಿಮ್ಮ ಕೈ ಕೆಳಗೆ ಮೂರು ವರ್ಷ ಗೋಲಿನಲ್ಲಿ ನಿಂತೆ, ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಸೋತ ಆ ದಿನ ಎಷ್ಟು ಗೋಲು ಬಿಟ್ಟೆ ಅಂತ ಇವತ್ತಿಗೂ ಗೊತ್ತು. ನಾಲ್ಕು. ಎಷ್ಟು ತಡೆದೆ ಅಂತ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ, ಯಾರೂ ಬರೆದಿಡಲಿಲ್ಲ. ನಿಮ್ಮ ಮೇಲೆ ಸಿಟ್ಟಿನಿಂದ ಹೇಳುತ್ತಿಲ್ಲ ಕಾಕಾ. ಹುಡುಗಿಯರಿಗೆ ಹಾಕಿ ಯಾಕೆ ಅಂತ ಊರವರು ಅಂದಾಗ ಮನೆಮನೆಗೆ ಹೋಗಿ ನಮ್ಮನ್ನು ಕರೆತಂದವರು ನೀವು. ಆದರೆ ಆ ಹುಡುಗಿ ಈಗ ಯಾಕೆ ಬರುತ್ತಿಲ್ಲ ಅಂತ ನನಗೆ ಗೊತ್ತು.

ಕೆನಡಾದ ಕಥೆ ಮುಂದೆ ಇನ್ನೂ ಕೆಟ್ಟಿತು. ಜನವರಿ 2ರಂದು ಕ್ವಾರ್ಟರ್ ಫೈನಲ್‌ನಲ್ಲಿ ಝೆಕ್ ತಂಡದ ಎದುರು 4-3ರಿಂದ ಸೋತರು. ಕೊನೆಯ ಗೋಲು ಬಿದ್ದಾಗ ಉಳಿದಿದ್ದು 40 ಸೆಕೆಂಡೂ ಇಲ್ಲ. ಹೋದ ವರ್ಷವೂ ಅದೇ ಝೆಕ್, ಅದೇ ಕ್ವಾರ್ಟರ್ ಫೈನಲ್, ಅದೂ ಕೊನೇ ಗಳಿಗೆಯ ಗೋಲು. ಮಾರನೇ ದಿನ ಆಫೀಸಿನಲ್ಲಿ ಎಲ್ಲರೂ ಬೈಯುವವರೇ. 18, 19 ವರ್ಷದ ಮಕ್ಕಳನ್ನು ಹಾಗೆ ಬೈಯುವುದು ನನಗೆ ಸರಿ ಅನ್ನಿಸಲಿಲ್ಲ, ಅಲ್ಲೇ ಹೇಳಿಯೂಬಿಟ್ಟೆ. ಲಾಟ್ವಿಯಾದವರೂ ಅದೇ ಹಂತದಲ್ಲಿ ಸ್ವೀಡನ್ನಿಗೆ 3-2ರಿಂದ ಸೋತು ಮನೆಗೆ ಹೋದರು. ಫೈನಲ್‌ನಲ್ಲಿ ಅಮೆರಿಕ 3-1ರಿಂದ ಹಿಂದಿದ್ದು, ಹೆಚ್ಚುವರಿ ಆಟದಲ್ಲಿ ಫಿನ್ಲೆಂಡನ್ನು 4-3ರಿಂದ ಸೋಲಿಸಿತು. ಕಂಚಿನ ಪಂದ್ಯದಲ್ಲಿ ಝೆಕ್, ಸ್ವೀಡನ್ ನಡುವೆ ಶೂಟೌಟ್ 14 ಸುತ್ತು ನಡೆಯಿತು, ಝೆಕ್ ಗೆದ್ದಿತು. ಹದಿನಾಲ್ಕು! ಆ ಎರಡೂ ಕೀಪರ್‌ಗಳ ಅವ್ವಂದಿರು ಹೇಗೆ ಕೂತು ನೋಡಿದರೋ.

ಈಗ ನನ್ನ ಕೋರಿಕೆ. ನಿಮ್ಮ ಆ ನೀಲಿ ರಟ್ಟಿನ ರಿಜಿಸ್ಟರ್ ಇದೆಯಲ್ಲ, ಅದರಲ್ಲಿ ಗೋಲು ಹೊಡೆದವರ ಹೆಸರಿನ ಪಕ್ಕ ಇನ್ನೊಂದು ಗೆರೆ ಎಳೆಯಿರಿ. ಕೀಪರ್ ತಡೆದದ್ದು ಎಷ್ಟು ಅಂತ. ಬೆಂಚಿನಲ್ಲಿ ಕೂತ ಹುಡುಗಿಯರಲ್ಲಿ ಯಾರಾದರೂ ಒಬ್ಬಳು ಗೀಟು ಹಾಕುತ್ತಾ ಹೋದರೆ ಸಾಕು. ಆ ಜಿಲ್ಲಾ ಪಂದ್ಯದ ವಿಡಿಯೋ ಯಾರ ಮೊಬೈಲ್‌ನಲ್ಲಾದರೂ ಇದ್ದರೆ ಅದನ್ನು ನೋಡಿ ಎಣಿಸಿ, ಅಂಕಿ ತಗೊಂಡು ಅವಳ ಮನೆಗೆ ನೀವೇ ಹೋಗಿ ಬನ್ನಿ.

ಇಲ್ಲಿಯ ಗೆಳತಿಯೊಬ್ಬಳು ಶರಣಬಸವೇಶ್ವರ ಜಾತ್ರೆಗೆ ಕಲಬುರಗಿಗೆ ಬರುತ್ತಿದ್ದಾಳೆ. ಅವಳ ಕೈಯಲ್ಲಿ ಒಂದು ಪಕ್ ಕಳಿಸುತ್ತೇನೆ. ಮೂರು ಇಂಚು ಅಗಲ, ಒಂದು ಇಂಚು ದಪ್ಪದ ಕಪ್ಪು ರಬ್ಬರ್ ಬಿಲ್ಲೆ. 170 ಗ್ರಾಂ, ನಮ್ಮ ಹಾಕಿ ಚೆಂಡಿಗಿಂತ ಸ್ವಲ್ಪ ಜಾಸ್ತಿ. ಪುಟಿಯಬಾರದು ಅಂತ ಇಲ್ಲಿ ಆಟಕ್ಕೆ ಮುಂಚೆ ಅದನ್ನು ಗಟ್ಟಿಯಾಗಿ ತಣ್ಣಗೆ ಮಾಡಿರುತ್ತಾರೆ. ನೀವೂ ಒಂದು ರಾತ್ರಿ ಫ್ರಿಜ್ಜಿನ ಮೇಲಿನ ಖಾನೆಯಲ್ಲಿಟ್ಟು, ಬೆಳಿಗ್ಗೆ ಆ ಹುಡುಗಿ ಕೈಗೆ ಕೊಡಿ. ಇಂಥದ್ದನ್ನು ಒಬ್ಬ ಹುಡುಗ ಒಂದೇ ರಾತ್ರಿಯಲ್ಲಿ 55 ಸಲ ತಡೆದ ಅಂತ ಹೇಳಿ. ಅದು ಅವಳ ಹತ್ತಿರವೇ ಇರಲಿ, ವಾಪಸ್ ಬೇಡ.

ಗೆಳತಿ ವಾಪಸ್ ಬರುವಾಗ ಕಾಕಿ ಕೈಯಿನ ಶೇಂಗಾ ಹಿಂಡಿ ಕಳಿಸಿ, ಖಡಕ್ ರೊಟ್ಟಿ ಜಾಸ್ತಿ ಬೇಡ, ದಾರಿಯಲ್ಲಿ ಮುರಿಯುತ್ತವೆ. ಅವ್ವನಿಗೆ ಈ ಭಾನುವಾರ ಫೋನ್ ಮಾಡುತ್ತೇನೆ ಅಂತ ಹೇಳಿ.

ನಿಮ್ಮ ಮಗಳು