ಮ್ಯೂಯಾನ್ ಸುದ್ದಿಯ ಉಳಿದ ಅರ್ಧವನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

2021ರ ಏಪ್ರಿಲ್‌ನಲ್ಲಿ ಅಮೆರಿಕದ ಕಣಭೌತ ಪ್ರಯೋಗಾಲಯ ಫರ್ಮಿಲ್ಯಾಬ್‌ನಿಂದ ಮ್ಯೂಯಾನ್ ಪ್ರಯೋಗದ ಮೊದಲ ಫಲಿತಾಂಶ ಬಂದಾಗ, ಪ್ರಕೃತಿಯ ಐದನೇ ಬಲ ಸಿಕ್ಕೇಬಿಟ್ಟಿತು ಎನ್ನುವ ಧಾಟಿಯ ತಲೆಬರಹಗಳನ್ನು ಓದಿದ್ದೆವು. 2025ರ ಜೂನ್‌ನಲ್ಲಿ ಅದೇ ಪ್ರಯೋಗದ ಕೊನೆಯ ಲೆಕ್ಕ ಬಂತು. ಆಗ ಸದ್ದೇ ಇಲ್ಲ. ಎರಡೂ ಸಲ ನಾನು ಓದಿದ ವರದಿಗಳಲ್ಲಿ, ಅಲ್ಲಿ ಅಳೆದದ್ದು ಏನು, ಅಳೆದದ್ದು ಹೇಗೆ ಅನ್ನುವುದೇ ಇರಲಿಲ್ಲ. 'ಮ್ಯೂಯಾನ್ ಬುಗುರಿಯಂತೆ ಓಲಾಡುತ್ತದೆ' ಅಂತ ಒಂದು ಸಾಲು ಹಾಕಿ ಕೈತೊಳೆದುಕೊಂಡರೆ ಓದುಗರಿಗೆ ಏನು ತಿಳಿಯುತ್ತದೆ?

ವಿಷಯ ಅಷ್ಟೇನೂ ಕಷ್ಟದ್ದಲ್ಲ. ಮ್ಯೂಯಾನ್ ಎಲೆಕ್ಟ್ರಾನಿನಂಥದ್ದೇ ಕಣ, ರಾಶಿ ಮಾತ್ರ ಸುಮಾರು 207 ಪಟ್ಟು ಜಾಸ್ತಿ. ಅದಕ್ಕೆ ವಿದ್ಯುದಾವೇಶವೂ ಇದೆ, ಸ್ಪಿನ್ (ತನ್ನಷ್ಟಕ್ಕೇ ಸುತ್ತುವಂಥ ಒಂದು ಗುಣ, ಅದಕ್ಕೊಂದು ದಿಕ್ಕು) ಕೂಡ ಇದೆ. ಹಾಗಾಗಿ ಅದೊಂದು ಪುಟ್ಟ ಆಯಸ್ಕಾಂತ. ಕಾಂತಕ್ಷೇತ್ರಕ್ಕೆ ಬಿಟ್ಟರೆ ಅದರ ದಾರಿ ಬಾಗಿ ವೃತ್ತವಾಗುತ್ತದೆ, ಜೊತೆಗೆ ಸ್ಪಿನ್ನಿನ ದಿಕ್ಕೂ ತಿರುಗುತ್ತಾ ಹೋಗುತ್ತದೆ. ಈ ಆಯಸ್ಕಾಂತ ಎಷ್ಟು ಬಲವಾದದ್ದು ಎಂದು ಹೇಳುವ ಸಂಖ್ಯೆಗೆ 'ಜಿ' ಎಂದು ಹೆಸರು. ಇಂಥ ಕಣಗಳನ್ನು ವಿವರಿಸುವ, 1928ರ ಡಿರಾಕ್ ಸಮೀಕರಣದ ಪ್ರಕಾರ ಅದು ಸರಿಯಾಗಿ 2. ಹಾಗೇ ಇದ್ದಿದ್ದರೆ ದಾರಿ ಮತ್ತು ಸ್ಪಿನ್ ಒಂದೇ ಲಯದಲ್ಲಿ ತಿರುಗುತ್ತಿದ್ದವು, ಮುಂದಕ್ಕೆ ಮುಖಮಾಡಿ ಹೊರಟ ಸ್ಪಿನ್ ಎಷ್ಟು ಸುತ್ತು ಹಾಕಿದರೂ ಮುಂದಕ್ಕೇ ಮುಖಮಾಡಿ ಇರುತ್ತಿತ್ತು. ನಿಜದಲ್ಲಿ ಜಿ 2ಕ್ಕಿಂತ ಒಂಚೂರು ಜಾಸ್ತಿ. ಆದ್ದರಿಂದ ಫರ್ಮಿಲ್ಯಾಬ್‌ನಲ್ಲಿ ಮ್ಯೂಯಾನ್‌ಗಳು ಸುತ್ತುವ 14 ಮೀಟರ್ ಅಗಲದ ಉಂಗುರದಲ್ಲಿ ಸ್ಪಿನ್ ಪ್ರತಿ ಸುತ್ತಿಗೂ ಸುಮಾರು 12 ಡಿಗ್ರಿ ಮುಂದೆ ಹೋಗುತ್ತದೆ. ಇಡೀ ಪ್ರಯೋಗ ಇರುವುದೇ ಆ 12 ಡಿಗ್ರಿಯನ್ನು ಅಳೆಯಲಿಕ್ಕೆ.

ಇಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ವೇಗದ್ದು. ಈ ಮ್ಯೂಯಾನ್‌ಗಳು ಬೆಳಕಿನ ವೇಗದ ಶೇ 99.94ರಷ್ಟು ವೇಗದಲ್ಲಿ ಓಡುತ್ತವೆ. ಅಷ್ಟು ವೇಗದಲ್ಲಿ ಲೆಕ್ಕ ಕೆಡಬೇಕಲ್ವಾ? ಕೆಡುವುದಿಲ್ಲ. ವೇಗವಾಗಿ ಓಡುವ ಕಣ ದಿಕ್ಕು ಬದಲಿಸುತ್ತಾ ಹೋದರೆ, ಯಾರೂ ತಿರುಗಿಸದಿದ್ದರೂ ಸಾಪೇಕ್ಷತೆಯ ಕಾರಣಕ್ಕೇ ಅದರ ಸ್ಪಿನ್ ಒಂದಿಷ್ಟು ತಿರುಗುತ್ತದೆ ಎಂದು 1926ರಲ್ಲಿ ಭೌತವಿಜ್ಞಾನಿ ಥಾಮಸ್ ತೋರಿಸಿದರು. ಇದನ್ನೂ ಸೇರಿಸಿಕೊಂಡು, ಸ್ಪಿನ್ ತಿರುಗುವ ದರದಿಂದ ದಾರಿ ತಿರುಗುವ ದರವನ್ನು ಕಳೆದರೆ ವೇಗ ಲೆಕ್ಕದಿಂದಲೇ ಹಾರಿಹೋಗುತ್ತದೆ! ಉಳಿಯುವುದು ಜಿ 2ಕ್ಕಿಂತ ಎಷ್ಟು ಹೆಚ್ಚು ಮತ್ತು ಕಾಂತಕ್ಷೇತ್ರ ಎಷ್ಟು, ಇವೆರಡೇ.

ಹಾಗಾದರೆ ಅಷ್ಟು ವೇಗ ಯಾಕೆ ಬೇಕು? ಕಣಗಳು ಮೇಲೆ ಕೆಳಗೆ ಚದುರದಂತೆ ಹಿಡಿದಿಡಲು ವಿದ್ಯುತ್ ಕ್ಷೇತ್ರ ಬೇಕು, ಅದು ಸ್ಪಿನ್ನಿಗೆ ಕಿರಿಕಿರಿ ಮಾಡುತ್ತದೆ. ಆದರೆ ಸರಿಯಾಗಿ ಈ ವೇಗದಲ್ಲಿ ಅದು ದಾರಿಯನ್ನೂ ಸ್ಪಿನ್ನನ್ನೂ ಒಂದೇ ಸಮನೆ ತಿರುಗಿಸುವುದರಿಂದ ಎರಡರ ನಡುವಿನ ಅಂತರಕ್ಕೆ ಏನೂ ಆಗುವುದಿಲ್ಲ. ಲಾಭ ಇನ್ನೂ ಒಂದಿದೆ. ನಿಂತಲ್ಲೇ ಇದ್ದರೆ ಸರಾಸರಿ 2.2 ಮೈಕ್ರೋಸೆಕೆಂಡ್ ಬದುಕುವ ಮ್ಯೂಯಾನ್, ಇಷ್ಟು ವೇಗದಲ್ಲಿ ಅದರ ಕಾಲ ನಿಧಾನವಾಗುವುದರಿಂದ, ಇಲ್ಲಿ 64 ಮೈಕ್ರೋಸೆಕೆಂಡ್ ಬದುಕುತ್ತದೆ. ಇಲ್ಲದಿದ್ದರೆ ಸುಮಾರು 15 ಸುತ್ತಿಗೇ ಅದರ ಕತೆ ಮುಗಿಯುತ್ತಿತ್ತು. ಮ್ಯೂಯಾನ್ ಒಡೆದಾಗ ಹೊರಬರುವ ಜಾಸ್ತಿ ಶಕ್ತಿಯ ಪಾಸಿಟ್ರಾನ್‌ಗಳು (ಧನ ಆವೇಶದ ಎಲೆಕ್ಟ್ರಾನ್‌ಗಳು) ಹೆಚ್ಚಾಗಿ ಸ್ಪಿನ್ ಇದ್ದ ದಿಕ್ಕಿಗೇ ಹೋಗುತ್ತವೆ. ಉಂಗುರದ ಒಳಬದಿಯಲ್ಲಿ ಕೂರಿಸಿದ 24 ಉಪಕರಣಗಳು ಅವನ್ನು ಎಣಿಸುತ್ತವೆ. ಸ್ಪಿನ್ ತಿರುಗಿದಂತೆ ಆ ಎಣಿಕೆ ಸುಮಾರು 4.4 ಮೈಕ್ರೋಸೆಕೆಂಡಿಗೊಮ್ಮೆ ಏರಿ ಇಳಿಯುತ್ತದೆ. ಅಳತೆ ಅಂದರೆ ಅದೇ.

ಇನ್ನು 2025ರ ಮಾತು. ಪ್ರಯೋಗದ ಉತ್ತರ ಹಳೆಯದಕ್ಕೇ ಹೊಂದಿಕೊಂಡಿತು, ಅನಿಶ್ಚಿತತೆ ನೂರು ಕೋಟಿಗೆ 127 ಭಾಗಕ್ಕೆ ಇಳಿಯಿತು. ಬದಲಾಗಿದ್ದು, ಜಿ ಎಷ್ಟಿರಬೇಕು ಎಂದು ಸಿದ್ಧಾಂತದಿಂದ ಹಾಕುವ ಲೆಕ್ಕ. ಸೂಪರ್‌ಕಂಪ್ಯೂಟರ್‌ಗಳಲ್ಲಿ ಮಾಡಿದ ಹೊಸ ಲೆಕ್ಕಗಳನ್ನು ಹಿಡಿದರೆ ಅಳತೆಗೂ ಸಿದ್ಧಾಂತಕ್ಕೂ ನಡುವೆ 2021ರಲ್ಲಿ ಸದ್ದು ಮಾಡಿದ ವ್ಯತ್ಯಾಸ ಉಳಿಯುವುದಿಲ್ಲ. ಹಾಗಂತ ಎಲ್ಲ ಬಗೆಹರಿದಿಲ್ಲ. ಮೊದಲಿನ ಲೆಕ್ಕಕ್ಕೆ ಆಧಾರವಾಗಿದ್ದ ಎಲೆಕ್ಟ್ರಾನ್-ಪಾಸಿಟ್ರಾನ್ ಡಿಕ್ಕಿಯ ಅಂಕಿಅಂಶಗಳಿಗೂ 2023ರಲ್ಲಿ ರಷ್ಯಾದ ನೊವೊಸಿಬಿರ್ಸ್ಕ್‌ನಿಂದ ಬಂದ ಅಳತೆಗೂ ತಾಳೆ ಆಗುತ್ತಿಲ್ಲ. ಜಪಾನಿನ ಜೆ-ಪಾರ್ಕ್ ಪ್ರಯೋಗಾಲಯದಲ್ಲಿ ಇನ್ನೂ ನಿಧಾನದ ಮ್ಯೂಯಾನ್‌ಗಳನ್ನು ಹಿಡಿದು, ಆ ವಿದ್ಯುತ್ ಕ್ಷೇತ್ರವೇ ಇಲ್ಲದೆ ಅಳೆಯುವ ಸಿದ್ಧತೆ ನಡೆದಿದೆ. ಇದೂ ಸುದ್ದಿಯೇ ಅಲ್ವಾ?

ಮುಂದಿನ ಸಲ ಒಂದು ಚಿತ್ರ ಹಾಕಿ ಸಾರ್. ಒಂದು ಉಂಗುರ, ಅದರ ಮೇಲೆ ಎರಡು ಬಾಣ, ಒಂದು ಓಟದ್ದು, ಇನ್ನೊಂದು ಸ್ಪಿನ್ನಿನದು, ಒಂದು ಸುತ್ತಾದ ಮೇಲೆ ನಡುವೆ 12 ಡಿಗ್ರಿ. ಅರ್ಧ ಕಾಲಂ ಜಾಗ ಸಾಕು.

ಇಂತಿ,
ನಿಮ್ಮ ಓದುಗ